ಇಳಕಲ್ಲ ಸೆರಗಿನ ಕಾರು

ನನ್ನ ತಲೆಯ ಮೇಲೆ ಕೂದಲಿಲ್ಲ, ತಲೆಯ ಒಳಗೆ ಸಿಟ್ಟು ಬಿಟ್ಟರೆ ಬೇರೇನೂ ಇಲ್ಲ. ಇಂಥ ತಲೆಗೆ ಮಾಳಿಗೆ ಇಲ್ಲದ ಕಾರು ಒಗ್ಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಲು ಬಂದವರ ಮೇಲೆ ನಾನು ಹರಿಹಾಯ್ದಿದ್ದೆ, ಅದು ಬೇರೆ ಮಾತು.

ಇಳಕಲ್ಲಿನ ಹೊರಗೆ ನನ್ನದೊಂದು ಕೆಂಪು ಕಲ್ಲಿನ ಕ್ವಾರಿ. ಹೆಸರು ಹೊಳಬಸಪ್ಪ. ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೇನೆ, ಅದೂ ಎರಡನೆಯ ಸಲಕ್ಕೆ. ನಾನು ಒದರಿದರೆ ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸುವ ಮುಂಚಿನ ಸೀಟಿ ಬೇಕಾಗುವುದಿಲ್ಲ ಎಂದು ಕ್ವಾರಿಯ ಆಳುಗಳು ಆಡಿಕೊಳ್ಳುತ್ತಾರೆ. ಎದುರಿಗೆ ಅಲ್ಲ.

ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಲಾರಿಯ ಎಕ್ಸಲ್ ಮುರಿಯಿತು. ಅದನ್ನು ಮಾಡಿಸಲು ಬಾಗಲಕೋಟೆಯ ಜಲಾಲುದ್ದೀನನ ಗ್ಯಾರೇಜಿಗೆ ಹೋದೆ. ಗ್ಯಾರೇಜಿನ ಹಿಂದೆ ಬೇವಿನ ಗಿಡದ ಕೆಳಗೆ ತಾಡಪತ್ರಿ ಮುಚ್ಚಿದ ಏನೋ ಒಂದು ಇತ್ತು. ಅದರ ಮೇಲೆ ಒಂದು ಕೋಳಿ ಕೂತಿತ್ತು. ನಾನು ಕೋಳಿಯನ್ನು ಓಡಿಸಿ ತಾಡಪತ್ರಿ ಎತ್ತಿದೆ. ಆ ಕೋಳಿ ಅಲ್ಲೇ ಗಟ್ಟಿಯಾಗಿ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಏನೋ ಇದು?"

"ಕಾರ್ರೀ ಯಜಮಾನ್ರ. ಜಪಾನದ್ದು. ಗೋವಾದ ಹಡಗಿನ ಸಾಹೇಬ್ರು ತರಿಸಿದ್ದು, ಹದಿನೈದು ವರ್ಷ ಮ್ಯಾಲಾತು. ಈಗ ಅವರಿಗೆ ಬ್ಯಾಡಾಗೇತಿ, ಮಾರಿ ಕೊಡು ಅಂದಾರ."

"ಮ್ಯಾಲಿಂದು ಎಲ್ಲಿ ಹೋತು?"

"ಇದಕ್ಕ ಮ್ಯಾಲಿಂದು ಇರಂಗಿಲ್ರಿ. ಅರಿವೀದು ಒಂದು ಟಪ್ಪ ಇರತೈತಿ. ಬೇಕಂದಾಗ ಎಳಕೊಳ್ಳೂದು, ಬ್ಯಾಡಂದಾಗ ಹಿಂದ ಮಡಚೂದು. ಅದನ್ನ ಇಲಿ ತಿಂದಾವು."

ಬಿಳಿ ಬಣ್ಣ, ಕೆಂಪು ಸೀಟು, ಕನ್ನಡಿಯಂಥ ದೀಪಗಳು. ಎರಡೇ ಸೀಟು. ಬಾಗಿಲು ನನ್ನ ಮೊಣಕಾಲಿಗೆ ಬರುತ್ತಿತ್ತು. ಒಳಗೆ ಒಂದು ಸಣ್ಣ ತಗಡಿನ ಮೇಲೆ ಜಪಾನಿ ಅಕ್ಷರ ಬರೆದಿದ್ದವು. ಏನು ಬರೆದಿದೆ ಎಂದು ಕೇಳಿದೆ. ಜಲಾಲುದ್ದೀನ ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದವನಂತೆ ನೋಡಿ, "ಗಾಡಿ ಭಾಳ ಚಲೋ ಐತಿ ಅಂತ ಬರದಾರ್ರಿ" ಎಂದ. ನಾನು ನಂಬಿದೆ.

ನಂಬಲು ಇನ್ನೂ ಒಂದು ಕಾರಣವಿತ್ತು. ನಮ್ಮ ಕಲ್ಲು ಹಡಗು ಹತ್ತಿ ಜಪಾನಿಗೆ ಹೋಗುತ್ತದೆ. ಅಲ್ಲಿನವರು ಬಂದು ಕಲ್ಲನ್ನು ಬೆರಳಿನಿಂದ ಸವರಿ, ಸೊಂಟದ ತನಕ ಬಾಗಿ ನಮಸ್ಕಾರ ಮಾಡಿ ಹೋಗುತ್ತಾರೆ. ಇಷ್ಟು ವರ್ಷ ನಾವೇ ಕಳಿಸಿದೆವು, ಅವರದೂ ಒಂದು ನಮ್ಮ ಊರಿಗೆ ಬರಲಿ ಎಂದು ನನಗೆ ಅನ್ನಿಸಿತು. ಎಷ್ಟಕ್ಕೆ ತಂದೆ ಎಂದು ಕೇಳಬೇಡಿ. ಹೆಂಡತಿಗೇ ಹೇಳಿಲ್ಲ.

ಮೊದಲು ತುಳಸಿಗೇರಿ ಹನುಮಪ್ಪನಿಗೆ ಕಾಯಿ ಒಡೆಸೋಣ ಎಂದು ಜಲಾಲುದ್ದೀನನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅಲ್ಲಿಗೇ ಬಿಟ್ಟೆ. ಬಾಗಲಕೋಟೆ ದಾಟಿ ಕಾಲೊತ್ತಿದ್ದೇ ತಡ, ನನ್ನ ಪಟಕ ತಲೆ ಬಿಟ್ಟು ಎದ್ದಿತು. ಒಂದು ತುದಿ ನನ್ನ ಕಿವಿಗೆ ಸಿಕ್ಕಿಕೊಂಡು, ಉಳಿದದ್ದೆಲ್ಲ ಹಿಂದೆ ಬಿಚ್ಚಿಕೊಳ್ಳುತ್ತ ಹೋಗಿ, ಕೊನೆಗೆ ಪೂರ್ತಿ ಹಾರಿ ಜಾಲಿಗಿಡದ ಮೇಲೆ ಕೂತಿತು. ಕುರಿ ಕಾಯುವ ಮುದುಕನೊಬ್ಬ ಅದನ್ನು ಕೋಲಿನಿಂದ ಬಿಡಿಸಿ ತಂದುಕೊಟ್ಟು, "ಗಾಳಿಪಟ ಹಾರಸೂ ವಯಸ್ಸಲ್ರಿ ಇದು ನಿಮ್ದು" ಎಂದ. ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರನ್ನು ನೆನೆಯುತ್ತಿದ್ದೆ. ಆವತ್ತು ನಕ್ಕುಬಿಟ್ಟೆ. ನಾನು ನಕ್ಕದ್ದನ್ನು ಕಂಡು ಜಲಾಲುದ್ದೀನನಿಗೆ ಭಯವಾಯಿತಂತೆ.

ಕಾರನ್ನು ಇಳಕಲ್ಲಿಗೆ ತಂದು ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಅದರ ಹಾರ್ನ್ ಆಡಿನ ಮರಿ ಒದರಿದಂತೆ. ನನ್ನ ಹೆಂಡತಿ ಗುರುಲಿಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಹಾಕಿದಳು.

"ಇದೇನ್ರಿ?"

"ಕಾರು. ಕುಂದರು ಬಾ."

"ತಲಿ ಮ್ಯಾಲೆ ಏನೂ ಇಲ್ಲಲ್ಲ?"

"ಆಕಾಶ ಐತೆಲ್ಲ. ಕುಂದರು ಅಂದ್ನೆಲ್ಲ!"

"ಇಳಕಲ್ಲ ಪ್ಯಾಟ್ಯಾಗ ತಲಿ ಮ್ಯಾಲಿನ ಸೆರಗು ಹಾರಿಸ್ಕೋತ ಹೋಗ್ಲೇನು? ಹಿರ್ಯಾರು ಕಟ್ಟಿಗೆ ಕುಂತಿರ್ತಾರ." ಅವಳು ಬಾಗಿ ಒಳಗೆ ನೋಡಿದಳು. "ಮಂದಿ ಎಮ್ಮಿ ನೀರು ಕುಡ್ಯಾಕ ಕಲ್ಲಿನ ಬಾನಿ ಕಡದು ಮಾರಾವ್ರು, ತಮಗಂತ ಒಂದು ತಗಡಿನ ಬಾನಿ ತಂದಾರ. ನಾ ಅಂತೂ ಈ ಬಾನ್ಯಾಗ ಕುಂದ್ರಂಗಿಲ್ಲ ನೋಡ್ರಿ."

ಅಷ್ಟು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು. ಆವತ್ತಿನ ರೊಟ್ಟಿಯ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಊರಲ್ಲಿ ಆ ಕಾರಿಗೆ "ಬಾನಿ" ಎಂಬ ಹೆಸರು ಮರುದಿನವೇ ಬಿತ್ತು.

ಕಾರು ಮಾತ್ರ ಸುಳ್ಳಾಡಲಿಲ್ಲ. ಸಂಜೆ ಹುನಗುಂದದಿಂದ ಅಮೀನಗಡದ ಕಡೆ ಬಿಟ್ಟರೆ, ನೆಲ ಕೈಗೆ ಸಿಗುವಷ್ಟು ಹತ್ತಿರ, ಆಕಾಶ ಮಡಿಲಿಗೆ ಬೀಳುವಷ್ಟು ದೊಡ್ಡದು. ಎರೆ ಹೊಲದ ವಾಸನೆ, ಎತ್ತಿನ ವಾಸನೆ, ಯಾರದೋ ಮನೆಯ ಒಗ್ಗರಣೆ, ಎಲ್ಲ ಮುಖಕ್ಕೇ ಬಡಿಯುತ್ತಿದ್ದವು. ಬಸ್ಸು ಪಕ್ಕಕ್ಕೆ ಬಂದರೆ ಅದರ ಗಾಲಿ ನನ್ನ ಕಿವಿಯ ಮಟ್ಟಕ್ಕಿರುತ್ತಿತ್ತು; ಕಿಟಕಿಯಲ್ಲಿ ಕೂತವರೆಲ್ಲ ನನ್ನ ಬೋಳು ತಲೆಯನ್ನು ಬಾವಿ ಇಣುಕಿದಂತೆ ಇಣುಕುತ್ತಿದ್ದರು. ಇಣುಕಲಿ. ನನಗೆ ಹಾಡು ಬರುತ್ತಿತ್ತು. ಶಾಲೆಯಲ್ಲಿ ಪ್ರಾರ್ಥನೆಗೂ ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದರು, ಅಂಥ ದನಿ. ಅದರಲ್ಲೇ ಹಾಡುತ್ತಿದ್ದೆ.

ಎಡಗಡೆಯ ಸೀಟು ಮಾತ್ರ ಖಾಲಿ. ನನಗೆ ಬೇಕಾದದ್ದು ಇಷ್ಟೇ: ಗುರುಲಿಂಗವ್ವ ಒಮ್ಮೆ ಅಲ್ಲಿ ಕೂತು, ಆ ಗಾಳಿಗೆ ಮುಖ ಕೊಡಬೇಕು, ಅದನ್ನು ನಾನು ನೋಡಬೇಕು. ಅದಿಲ್ಲದಿದ್ದರೆ ನಾನು ತಂದದ್ದು ಖರೇ ಒಂದು ಬಾನಿಯೇ. ಆದರೆ ಆ ಸೀಟಿನಲ್ಲಿ ಕೂತದ್ದು ಕ್ವಾರಿಯ ಡ್ರಿಲ್ಲಿನ ಕಬ್ಬಿಣ, ಸಿಮೆಂಟಿನ ಚೀಲ, ಒಮ್ಮೆ ಜ್ವರ ಬಂದ ನಮ್ಮ ಆಡು. ಅದನ್ನು ಹುನಗುಂದದ ದನದ ದವಾಖಾನೆಗೆ ಒಯ್ದಿದ್ದೆ. ಗುರುಲಿಂಗವ್ವನ ಹಳೆಯ ಸೀರೆಯ ತುಂಡೊಂದನ್ನು ಹೊದ್ದು ಅದು ಮುಂದೆ ನೋಡುತ್ತ ಶಾಂತವಾಗಿ ಕೂತಿತ್ತು. ಅಲ್ಲಿನ ಚಹಾದ ಅಂಗಡಿಯ ಅಬ್ದುಲಸಾಬ ದೂರದಿಂದಲೇ, "ಇವತ್ತ ಬಾಯಾರೂ ಬಂದಾರಲ್ರಿ! ಎರಡು ಚಹಾ ತರ್ಲೇನ್ರಿ?" ಎಂದು ಹತ್ತಿರ ಬಂದ. ನೋಡಿದ. ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದವನು ನಾನು ಹೋಗುವ ತನಕ ಹೊರಗೆ ಬರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಬ್ದುಲಸಾಬನ ಫಜೀತಿ ಹೇಳಿ, ಮತ್ತೆ ಕೇಳಿದೆ. ಕೇಳಿದೆ ಎಂದರೆ, ತಾಟು ಸರಿಸಿ ಒದರಿದೆ.

"ಆಡು ಕುಂದರತೈತಿ, ನಿನಗೇನು ಧಾಡಿ?"

"ಸೂರು ಹಾಕಸ್ರಿ, ಕುಂದ್ರತೇನಿ. ಪಂಚಮಿಗೆ ತವರಮನಿಗೆ ಅದರಾಗ ಹೋಗೂಣು." ಹೀಗೆಂದು ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಸೂರು ಎಲ್ಲಿಂದ ತರುತ್ತಾನೆ ಎಂಬ ಧೈರ್ಯ ಅವಳಿಗೆ.

ಜಲಾಲುದ್ದೀನ ರೆಕ್ಸಿನ್ ಹಾಕುತ್ತೇನೆ ಎಂದ. "ರಿಕ್ಷಾಕ್ಕ ಹಾಕೂ ರೆಕ್ಸಿನ್ ನನ್ನ ಕಾರಿಗೇನಲೇ?" ಎಂದು ಅವನನ್ನು ಬೈದೆ. ತಾಡಪತ್ರಿ ಎಂದ. ಅದಕ್ಕೂ ಬೈದೆ. ಇಳಕಲ್ಲಿನಂಥ ಊರಿನಲ್ಲಿದ್ದು, ಮನೆಗೊಂದು ಮಗ್ಗದ ಸಪ್ಪಳ ಕೇಳುತ್ತ, ನಾನು ಅರಿವೆಗೆ ಬಾಗಲಕೋಟೆಯವನ ಬಾಯಿ ನೋಡಬೇಕೆ? ನೇಕಾರ ಅಮಾತೆಪ್ಪನ ಮನೆಗೆ ಹೋಗಿ ಹೇಳಿದೆ: ದಪ್ಪ ಹತ್ತಿ ನೂಲು, ಬಿಗಿ ನೇಯ್ಗೆ, ಅಂಚಿಗೆ ಕೆಂಪು ದಡಿ, ಹಿಂದಿನ ಭಾಗಕ್ಕೆ ಸೀರೆಗೆ ಇರುವಂಥದೇ ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆಯ ಚಿತ್ತಾರ. ಜಗತ್ತಿನಲ್ಲಿ ಇಳಕಲ್ಲ ಸೆರಗು ಹೊದ್ದ ಕಾರು ಒಂದೇ ಇರಬೇಕು.

ಅಮಾತೆಪ್ಪ ನೇಯ್ದು ಕೊಟ್ಟ. ಕೊಡುವಾಗ, "ಯಜಮಾನ್ರ, ಇದನ್ನ ಉಡೂಕ ಮೊದ್ಲ ಒಮ್ಮಿ..." ಎಂದು ಏನೋ ಶುರು ಮಾಡಿದ.

"ಉಡೂದಲ್ಲೋ ಮಾರಾಯಾ, ಗಾಡಿಗೆ ಹಾಕೂದು!"

"ಅದು ಖರೇ ರಿ, ಆದ್ರ..."

"ಆದ್ರ ಗೀದ್ರ ಇಲ್ಲ. ಮಡಚು."

ಅವನು ಮಡಚಿದ.

ಜಲಾಲುದ್ದೀನ ಇಳಕಲ್ಲಿಗೇ ಬಂದು, ನಮ್ಮ ಅಂಗಳದಲ್ಲಿ ಕೂತು ಅದನ್ನು ಕಬ್ಬಿಣದ ಬಿಲ್ಲುಗಳಿಗೆ ಹೊಲಿದು, ಮುಂದಿನ ಗಾಜಿನ ಚೌಕಟ್ಟಿಗೆ ಕೊಂಡಿ ಹಾಕಿ ಬಿಗಿದ. ಮದುವಣಗಿತ್ತಿಯಂತೆ ಕಾಣುತ್ತಿತ್ತು ಕಾರು. ಗುರುಲಿಂಗವ್ವ ಗದ್ದಕ್ಕೆ ಕೈ ಹಚ್ಚಿ ಬಹಳ ಹೊತ್ತು ನೋಡಿದಳು. ಸೆರಗಿನ ಭಾಗವನ್ನು ಎರಡು ಬೆರಳಲ್ಲಿ ತಿಕ್ಕಿ, ಬೆರಳು ನೋಡಿಕೊಂಡಳು.

"ಹೆಂಗೈತಿ?" ಎಂದೆ.

"ಭಾಳ ಚಂದ ಆಗೇತ್ರಿ" ಎಂದಳು, ಮುಗುಳ್ನಗುತ್ತ. ಆ ನಗೆಯನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಪಂಚಮಿ ಬಂತು. ಅದರ ಜೊತೆ ನಾನು ಲೆಕ್ಕದಲ್ಲಿ ಹಿಡಿಯದ ಒಬ್ಬ ಮನುಷ್ಯನೂ ಬಂದ. ಪಂಚಮಿಗೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಪ್ರತಿ ವರ್ಷ ಅವಳ ತಮ್ಮ ಈರಪ್ಪ ಕುಳಗೇರಿ ಕ್ರಾಸಿನಿಂದ ಬಸ್ಸಿನಲ್ಲಿ ಬಂದು ಕರೆದೊಯ್ಯುತ್ತಾನೆ. ಅವನು ಸರಕಾರಿ ಬಸ್ಸಿನ ಡ್ರೈವರ್. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಬಾಗಿಲು ತುಂಬುವಷ್ಟು ಅಗಲ. ಆದರೆ ಎರಡು ಸೀಟಿನ ಕಾರು ತಂದವನಿಗೆ ಮೂರನೆಯವನ ನೆನಪು ಹೇಗೆ ಬಂದೀತು?

"ಈರಪ್ಪ ಬಸ್ಸಿಗೆ ಬರಲಿ" ಎಂದೆ.

"ಕರಿಯಾಕ ಬಂದಾಂವ ಬಸ್ಸಿಗೆ, ಕರದಾಕಿ ಕಾರಿಗೆ?" ಎಂದಳು ಗುರುಲಿಂಗವ್ವ. "ಹಂಗಾರ ನಾನೂ ಬಸ್ಸಿಗೆ ಹೋಗ್ತೇನಿ. ನೀವು ಆಡು ಕೂಡಿಸ್ಕೊಂಡು ಬರ್ರಿ."

"ಮಾಮಾ, ಜಗಳ ಯಾಕ್ರಿ? ನಾ ಹಿಂದ ಸೇರಕೊಳ್ತೇನಿ" ಎಂದ ಈರಪ್ಪ.

ಸೀಟುಗಳ ಹಿಂದೆ ಒಂದು ಗೇಣು ಜಾಗವಿತ್ತು, ಚೀಲ ಇಡುವುದಕ್ಕೆ. ಈರಪ್ಪ ಅದರಲ್ಲಿ ಅಡ್ಡಲಾಗಿ ಹೊಕ್ಕ. ಅವನ ಮೊಣಕಾಲು ಅವನ ಕಿವಿಗೆ ಬಂದವು. ಮಡಿಲಲ್ಲಿ ಪಂಚಮಿಯ ಉಂಡಿಯ ಡಬ್ಬಿ ಕೊಟ್ಟು, ಮೇಲೆ ಟಪ್ಪ ಎಳೆದು ಕೊಂಡಿ ಹಾಕಿದೆ. ಗುರುಲಿಂಗವ್ವ ಎಡಗಡೆ ಕೂತಳು. ಕೂತಳು! ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಸೆರಗು. ನಾನು ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ಇಳಕಲ್ಲಿನ ಪೇಟೆಯಲ್ಲಿ ಬೇಕೆಂದೇ ಸಾವಕಾಶ ಹೊಡೆದೆ.

ಹುನಗುಂದ ದಾಟಿತು, ಅಮೀನಗಡ ದಾಟಿತು. ಆಮೇಲೆ ಶ್ರಾವಣದ ಮಳೆ ಶುರುವಾಯಿತು. ನಾನು ಸ್ಟೇರಿಂಗ್ ಬಡಿದು, "ಬರಲಿ, ಬರಲಿ! ಸೂರು ಇದ್ದಾವ್ರಿಗೆ ಮಳಿ ಏನು ಮಾಡೀತು!" ಎಂದೆ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಬಂತು. "ಮಾಮಾ, ಮಾಳಿಗಿ ಸೋರಾಕ್ಹತ್ತೇತ್ರಿ."

"ಸೋರೂದಲ್ಲಲೇ. ಅಲ್ಲೊಂದು ಇಲ್ಲೊಂದು ಹನಿ ಬಿದ್ದಿದ್ದೀತು."

"ಹನೀನ ರಿ. ಆದ್ರ ಕೆಂಪ ಅದಾವ್ರಿ."

ತಿರುಗಿ ನೋಡಿದೆ. ಈರಪ್ಪನ ಹಣೆಯಿಂದ ಮೂಗಿಗೆ, ಮೂಗಿನಿಂದ ಅಂಗಿಗೆ ಕುಂಕುಮದ ನೀರು ಇಳಿಯುತ್ತಿತ್ತು. ಹಾಗೇ ನನ್ನ ಧೋತರ ನೋಡಿಕೊಂಡೆ. ಅದೂ ಅರ್ಧ ಕೆಂಪಾಗಿತ್ತು. ಅಷ್ಟರಲ್ಲಿ ಮೇಲೆ ಅರಿವೆ ಕಿರ್ರ್ ಎನ್ನತೊಡಗಿತು. ನೆನೆದ ಹೊಸ ಹತ್ತಿ ಕುಗ್ಗಿ ಬಿಗಿಯುತ್ತಿತ್ತು, ಬಿಲ್ಲುಗಳು ಬಾಗುತ್ತಿದ್ದವು. ಆಮೇಲೆ ಸುರಂಗ ಹಾರಿದಂಥ ಸಪ್ಪಳ. ಮುಂದಿನ ಕೊಂಡಿಗಳು ಕಿತ್ತು, ಟಪ್ಪ ಪೂರ್ತಿ ಹಿಂದಕ್ಕೆ ಹಾರಿ ಈರಪ್ಪನನ್ನು ಸುತ್ತಿಕೊಂಡಿತು. ಮಳೆ ನೇರ ನಮ್ಮ ನೆತ್ತಿಗೇ.

ಕಾರು ನಿಲ್ಲಿಸಿ ಇಳಿದೆ. ಅಮಾತೆಪ್ಪನನ್ನು ಬೈದೆ, ಜಲಾಲುದ್ದೀನನನ್ನು ಬೈದೆ, ಗೋವಾದ ಸಾಹೇಬನನ್ನು ಬೈದೆ. ಬೈಯಲು ಹತ್ತಿರದಲ್ಲಿ ಇನ್ಯಾರೂ ಉಳಿಯದೆ ಗಾಲಿಗೆ ಒದೆಯಲು ಕಾಲೆತ್ತಿದೆ. ಕೆಂಪು ನೀರು ಕಣ್ಣಿಗಿಳಿದಿತ್ತು. ಒದೆ ಗಾಲಿಗೆ ಬೀಳದೆ ಪಕ್ಕದ ಮೈಲುಗಲ್ಲಿಗೆ ಬಿತ್ತು. ಇಷ್ಟು ವರ್ಷ ಕಲ್ಲು ಒಡೆದು ಬದುಕಿದವನು ನಾನು. ಆವತ್ತು ಕಲ್ಲು ತನ್ನ ಸರದಿ ತೀರಿಸಿಕೊಂಡಿತು. ಹೆಬ್ಬೆರಳು ಹಿಡಿದು ಒಂದೇ ಕಾಲಿನಲ್ಲಿ ಕುಣಿದೆ.

ಗುರುಲಿಂಗವ್ವ ನಗುತ್ತಿದ್ದಳು. ಬಾಯಿಗೆ ಸೆರಗು ಹಚ್ಚಿ ಅಲ್ಲ, ಬಾಯಿ ತೆರೆದು, ಮಳೆ ಕುಡಿಯುತ್ತ ನಗುತ್ತಿದ್ದಳು.

"ನಗಾಕೇನಾತು?"

"ಹೊಸಾ ಇಳಕಲ್ಲ ಸೀರಿ ಉಪ್ಪಿನ ನೀರಾಗ ನೆನಿಸಿ, ಬಣ್ಣ ಬಿಡಿಸಿ, ಕುಗ್ಗೂದು ಕುಗ್ಗಿಸಿ ಆಮ್ಯಾಲೆ ಉಡತಾರ್ರಿ. ಲಂಗ ಉಡೂ ಹುಡಿಗ್ಯಾರಿಗೂ ಗೊತ್ತದು."

"ಮತ್ತ ಹೇಳಾಕೇನಾಗಿತ್ತು ನಿನಗ?"

"ನೀವು ‘ಹೆಂಗೈತಿ’ ಅಂದ್ರಿ. ಚಂದ ಐತಿ ಅಂದೆ. ಚಂದ ಇತ್ತು ಖರೇನ."

ಈರಪ್ಪ ಟಪ್ಪದೊಳಗಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಉಂಡಿ ಕೆಂಪ ಆಗ್ಯಾವು" ಎಂದ. ಅವಳಿಗೆ ಮತ್ತೆ ನಗೆ ಹತ್ತಿತು.

ಬೆರಳು ಬದನೆಕಾಯಿಯಾಯಿತು. ಬ್ರೇಕು ತುಳಿಯಲು ಆಗಲಿಲ್ಲ. ಹೀಗಾಗಿ ಈರಪ್ಪ ಸ್ಟೇರಿಂಗಿಗೆ ಹೋದ, ನಾನು ಹಿಂದಿನ ಒಂದು ಗೇಣು ಜಾಗಕ್ಕೆ ಬಂದೆ. ಕಿತ್ತ ಟಪ್ಪವನ್ನೇ ಹೊದ್ದು, ಕೆಂಪು ಉಂಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತೆ. ಅಕ್ಕ ತಮ್ಮ ಮುಂದೆ. ಪಂಚಮಿಗೆ ಹೇಗೆ ಹೋಗಬೇಕೋ ಹಾಗೇ ಹೋಗುತ್ತಿದ್ದರು. ನಾನು ಅವರ ಸಾಮಾನು.

ಈರಪ್ಪನ ಕೈಗೆ ಬಸ್ಸಿನ ಚಾಳಿ. ಪ್ರತಿ ಊರಿನ ಸ್ಟಾಪಿನಲ್ಲೂ ಕಾರು ತನಗೆ ತಾನೇ ನಿಲ್ಲುತ್ತಿತ್ತು. ಒಂದು ಕಡೆ ಮುದುಕಿಯೊಬ್ಬಳು ಬುಟ್ಟಿ ಎತ್ತಿ ನನ್ನ ಮಡಿಲಲ್ಲಿಟ್ಟು, "ಬಾದಾಮಿ ಸಂತೀಗೆ ಮುಟ್ಟತೈತೇನೋ ಯಪ್ಪಾ ಇದು?" ಎಂದಳು. ಬುಟ್ಟಿ ತಿರುಗಿ ಕೊಡುವಷ್ಟರಲ್ಲಿ ನನ್ನ ಮುಖ ನೋಡಿ, "ಅಯ್ಯ, ಇದು ದವಾಖಾನಿ ಗಾಡಿ" ಎಂದು ಹಿಂದೆ ಸರಿದಳು.

ಬಾದಾಮಿ ಹತ್ತಿರ ಬರುವಾಗ ಮಳೆ ನಿಂತಿತು. ತೊಳೆದ ಗುಡ್ಡ ಕೆಂಪಗೆ ಹೊಳೆಯಿತು. ಗುರುಲಿಂಗವ್ವ ಮುಂದೆ ಬಾಗಿ ಗಾಜಿನ ಚೌಕಟ್ಟು ಹಿಡಿದಳು. "ಈರಪ್ಪಾ, ಜೋರ ಹೊಡಿ" ಎಂದಳು. ಅವನು ಜೋರು ಹೊಡೆದ. ಅವಳು ಏನೋ ಕೂಗಿದಳು, ಗಾಳಿಯಲ್ಲಿ ಕೇಳಲಿಲ್ಲ. ನಾಲ್ಕು ತಿಂಗಳಿಂದ ನಾನು ನೋಡಬೇಕೆಂದಿದ್ದ ಮುಖ ಆ ಕಡೆಗಿತ್ತು. ನನಗೆ ಕಂಡದ್ದು ತುರುಬು.

ಕುಳಗೇರಿ ಕ್ರಾಸಿನಲ್ಲಿ ಅತ್ತೆ ಬಸಲಿಂಗವ್ವ ದೃಷ್ಟಿ ತೆಗೆಯಲು ನೀರು, ರೊಟ್ಟಿಯ ತುಣುಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡದ್ದೇ ತಂಬಿಗೆ ಕೈಬಿಟ್ಟಳು.

"ಯವ್ವಾ! ಅಳಿಯಂದ್ರ! ಎಲ್ಲಿ ಬಿದ್ರೀ? ಎಷ್ಟ ರಕ್ತ!"

"ರಕ್ತ ಅಲ್ರಿ ಅತ್ತಿ, ಬಣ್ಣ."

"ಪಂಚಮ್ಯಾಗ ಹೋಳಿ ಆಡಕೊಂಡು ಬಂದ್ರೇನ್ರಿ?" ಎಂದಳು. ಓಣಿಯೆಲ್ಲ ಕೂಡಿ ನಕ್ಕಿತು. ನಾನು ಒದರಲಿಲ್ಲ. ಬೆರಳು ನೋಯುತ್ತಿತ್ತು.

ಮರುದಿನ ಅರಿಷಿಣ ಕಟ್ಟಿದ ಕಾಲು ಚಾಚಿ ಹೊರಸಿನ ಮೇಲೆ ಬಿದ್ದಿದ್ದೆ. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಗುರುಲಿಂಗವ್ವ ನಿಂತು ಜೀಕುತ್ತಿದ್ದಳು, ನನ್ನ ಕಾರಿಗಿಂತ ಜೋರಾಗಿ. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಿನಿಂದ ತಂದು ಟೊಂಕಕ್ಕೆ ಸಿಕ್ಕಿಸಿದ್ದಳು. ಟೊಂಗೆ ಮುಟ್ಟಿ ಬಂದರೂ ಸೆರಗು ಒಂದು ಎಳೆ ಅಲುಗಲಿಲ್ಲ. ನಾನು ನೋಡಿದೆ. ಮತ್ತೆ ನೋಡಿದೆ. ಅವಳು ಇಳಿದು ನೀರು ಕುಡಿಯಲು ಬಂದಾಗ ಕೇಳಿದೆ.

"ಅಲ್ಲಾ, ಜೋಕಾಲ್ಯಾಗ ಸೆರಗು ಹಾರಂಗಿಲ್ಲಲ್ಲ?"

"ಹಾರಂಗಿಲ್ರಿ."

"ಮತ್ತ ಕಾರ್ನಾಗ?"

"ಕಾರ್ನಾಗೂ ಹಾರಂಗಿಲ್ಲ."

"ಹಂಗಾರ ಆ ದಿನಾನ ಯಾಕ ಹತ್ತಲಿಲ್ಲ? ಸೂರು ಅಂದಿ, ಸೆರಗು ಅಂದಿ..."

ಅವಳು ತಂಬಿಗೆ ಇಟ್ಟಳು. "ನೀವು ‘ಕುಂದರು’ ಅಂದ್ರಿ. ಆಡಿಗೂ ಅದನ್ನ ಅಂದ್ರಿ, ಅದು ಕುಂತಿತು. ಕುಂದ್ರತೀಯೇನು ಅಂತ ಒಮ್ಮಿ ಕೇಳಿದ್ರೇನು?" ಎಂದು ಜೋಕಾಲಿಯ ಕಡೆ ಹೋದಳು.

ಕಾಲು ವಾಸಿಯಾದ ಮೇಲೆ ಹೊರಟೆವು. ಈರಪ್ಪ ಡ್ಯೂಟಿಗೆ ಹೋಗಿದ್ದ. ಟಪ್ಪವನ್ನು ಅತ್ತೆ ಉಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿ, ಹೊದೆಯುವ ಕೌದಿಗೆ ಹಾಕುತ್ತೇನೆಂದು ಇಟ್ಟುಕೊಂಡಿದ್ದಳು. ನಾನು ಬೇಡವೆನ್ನಲಿಲ್ಲ. ಕಾರಿನ ಸುತ್ತ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಗುರುಲಿಂಗವ್ವ ಸೆರಗು ಟೊಂಕಕ್ಕೆ ಸಿಕ್ಕಿಸಿ, ಬಾಗಿಲ ಹತ್ತಿರ ಬಂದು, ಹತ್ತದೆ ನಿಂತಳು.

"ಕುಂದ..." ಎಂದು ತಡೆದುಕೊಂಡೆ. ಗಂಟಲು ಸರಿ ಮಾಡಿಕೊಂಡೆ. "ಕುಂದ್ರತೀಯೇನು?"

"ಏನಂದ್ರಿ? ಕೇಳಸಲಿಲ್ಲ."

ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕುಂದ್ರತೀಯೇನು ಅಂದ್ನಿ!" ಅದು ಒದರಿದಂತೆಯೇ ಬಂತು. ಬೇವಿನ ಗಿಡದ ಕಾಗೆಗಳೆಲ್ಲ ಎದ್ದವು.

"ಒದರಿ ಆದ್ರೂ ಕೇಳಿದ್ರಲ್ಲ" ಎಂದು ಅವಳು ಕೂತಳು.

ಬಾದಾಮಿ ದಾಟಿದ ಮೇಲೆ ನನಗೆ ಮತ್ತೆ ಹಾಡು ಬಂತು. ಅವಳು ನನ್ನನ್ನು ನೋಡಿ, ಮುಂದೆ ನೋಡಿ, "ಹಾಡೂದು ಬ್ಯಾಡ್ರಿ. ಜೋರ ಹೊಡೀರಿ" ಎಂದಳು. ಹಾಡು ನಿಲ್ಲಿಸಿದೆ. ಜೋರು ಹೊಡೆದೆ. ಎಡಕ್ಕೆ ತಿರುಗಿ ನೋಡುತ್ತ ಹೊಡೆದದ್ದರಿಂದ ಎರಡು ಸಲ ಎತ್ತಿನ ಗಾಡಿಯವರ ಕೈಯಲ್ಲಿ ಬೈಸಿಕೊಂಡೆ. ಪರವಾಗಿಲ್ಲ.

ಹುನಗುಂದದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅಬ್ದುಲಸಾಬ ಅಂಗಡಿಯ ಕಂಬದ ಮರೆಯಿಂದ ಇಣುಕಿದ. ಎರಡು ಹೆಜ್ಜೆ ಮುಂದೆ ಬಂದು, ಕೈಯನ್ನು ಹುಬ್ಬಿಗೆ ಹಿಡಿದು ಎಡಗಡೆಯ ಸೀಟನ್ನು ಸರಿಯಾಗಿ ನೋಡಿದ.

"ಬರ್ರಿ ಅಣ್ಣಾರ" ಎಂದು ಗುರುಲಿಂಗವ್ವ ಅವನನ್ನು ಕರೆದಳು. "ಆವತ್ತ ಬಂದಿದ್ದಾಕಿಗೆ ಜ್ವರ ಇಳದಾವು, ಮನ್ಯಾಗ ಮೇಯಾಕ್ಹತ್ಯಾಳ. ಇವತ್ತ ನಾ ಬಂದೇನಿ. ಎರಡು ಚಹಾ ತರ್ರಿ."